ನೆಲ್ಡಾಳ ಪೀಪಾಯಿ

ಹೆಂಡತಿ ಸತ್ತು ಆರು ತಿಂಗಳಾದರೂ ಡೆಲ್ಮರ್ ಕುಬೇನಾ ಒಂದು ಹನಿ ಕಣ್ಣೀರು ಹಾಕಲಿಲ್ಲ ಎಂದು ನಮ್ಮ ಹ್ಯಾಕ್‌ಬೆರಿ ಊರಿನ ಹೆಂಗಸರು ಆಡಿಕೊಂಡರು. ಆಡಿಕೊಳ್ಳಲಿ ಬಿಡಿ, ಚರ್ಚಿನ ಹಿಂದಿನ ಸಾಲಿನಲ್ಲಿ ಕೂರುವವರಿಗೆ ಬೇರೇನು ಕೆಲಸ? ಆದರೆ ಮಾತು ಸುಳ್ಳಲ್ಲ. ಫೆಬ್ರವರಿಯಲ್ಲಿ ನೆಲ್ಡಾಳನ್ನು ಮಣ್ಣು ಮಾಡುವಾಗ ಡೆಲ್ಮರ್ ಪಾದ್ರಿಯ ಕಾಲುಗಳನ್ನೇ ನೋಡುತ್ತಿದ್ದ. ಭಾರವೆಲ್ಲ ಹಿಮ್ಮಡಿಯ ಮೇಲೆ ಬಿಟ್ಟಿದ್ದಾನೆ, ಇವನು ಎಸೆದರೆ ಚೆಂಡು ಹತ್ತು ಗಜವೂ ದಾಟದು ಎಂದುಕೊಂಡ. ಅಷ್ಟೇ, ಮತ್ತೇನೂ ಅನ್ನಿಸಲಿಲ್ಲ. ನೆರೆಯವರು ತಂದುಕೊಟ್ಟ ಊಟವನ್ನು ಫ್ರಿಜ್ಜಿನ ಬಾಗಿಲು ತೆರೆದಿಟ್ಟು ನಿಂತೇ ತಿಂದ. ಉಪ್ಪಿದೆಯೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಟೆಕ್ಸಸ್ಸಿನ ಈ ಮೂಲೆಯಲ್ಲಿ ದೇವರಿಗೆ ಭಾನುವಾರ ಒಂದೇ, ಮಿಕ್ಕ ದಿನವೆಲ್ಲ ಫುಟ್‌ಬಾಲಿಗೆ. ನಮ್ಮ ಹೈಸ್ಕೂಲಿನ ಕ್ವಾರ್ಟರ್‌ಬ್ಯಾಕುಗಳನ್ನು, ಅಂದರೆ ಚೆಂಡೆಸೆಯುವ ಹುಡುಗರನ್ನು, ಇಪ್ಪತ್ತಾರು ವರ್ಷಗಳಿಂದ ತಿದ್ದಿದವನು ಡೆಲ್ಮರ್. ನಿಂತು ಎಸೆಯುವುದನ್ನು ಯಾರು ಬೇಕಾದರೂ ಕಲಿಸಿಯಾರು. ಎದುರಾಳಿಗಳು ಅಟ್ಟಿಸಿಕೊಂಡು ಬರುವಾಗ ಓಡುತ್ತಲೇ ಎಸೆಯುವುದು, ಅದರಲ್ಲೂ ಬಲಗೈಯವನು ಎಡಕ್ಕೆ ಓಡುತ್ತ ಎಸೆಯುವುದು ಡೆಲ್ಮರನ ವಿದ್ಯೆ. "ಸೊಂಟ ಮೊದ್ಲು ತಿರುಗ್ಲಿ, ಕೈ ಆಮೇಲೆ. ಬೆಲ್ಟಿನ ಬಕಲ್ ಎತ್ತ ನೋಡುತ್ತೋ ಚೆಂಡು ಅತ್ತ ಹೋಗುತ್ತೆ" ಎಂದು ಹೇಳಿ ಹೇಳಿ ಅವನ ಗಂಟಲು ಒಡೆದಿತ್ತು.

ಪಾಠ ನಡೆಯುತ್ತಿದ್ದುದು ಅವನ ಮನೆಯ ಹಿಂದಿನ ಹುಲ್ಲುಗಾವಲಿನಲ್ಲಿ. ಬೇಲಿಯುದ್ದಕ್ಕೂ ನೆಲ್ಡಾ ಹಳೆಯ ಪಿಕಪ್ ಓಡಿಸುವಳು. ಅದರ ಹಿಂಬದಿಯಲ್ಲಿ ಬಾಯಿ ತೆರೆದ ಒಂದು ಪೀಪಾಯಿ. ಇಪ್ಪತ್ತು ಗಜ ಈಚೆಗೆ, ಗಾಡಿಯ ಜೊತೆಜೊತೆಗೇ ಎಡಕ್ಕೆ ಓಡುತ್ತ ಹುಡುಗ ಪೀಪಾಯಿಯೊಳಗೆ ಚೆಂಡು ಹಾಕಬೇಕು. "ಏಳು ಮೈಲಿ ಸ್ಪೀಡು ಕಣೇ, ಒಂದಿಷ್ಟೂ ಹೆಚ್ಚಿಲ್ಲ, ಕಮ್ಮಿ ಇಲ್ಲ" ಎಂದು ಡೆಲ್ಮರ್ ಮೊದಲ ದಿನವೇ ಅಪ್ಪಣೆ ಮಾಡಿದ್ದ. ಆಮೇಲೆ ಗಾಡಿಯ ಕಡೆ ಅವನು ನೋಡಲೇ ಇಲ್ಲ. ಅವನ ಕಣ್ಣು ಹುಡುಗರ ಸೊಂಟ ಬಿಟ್ಟು ಕದಲುತ್ತಿರಲಿಲ್ಲ. ಎಂಥ ದಡ್ಡನಿಗಾದರೂ ನಾಲ್ಕೈದು ಎಸೆತದೊಳಗೆ ಒಂದು ಬೀಳುವುದು. "ಬಿತ್ತಲ್ಲಾ! ಇನ್ನೇನು ದಾಡಿ ನಿಂಗೆ?" ಎಂದು ಡೆಲ್ಮರ್ ಕೂಗುವನು. ಅಲ್ಲಿಂದ ಹುಡುಗನಿಗೆ ಕೈ ಕುದುರುವುದು.

ಈ ಆಗಸ್ಟಿನಲ್ಲಿ ಬಂದವನು ಟೇಟ್ ಓರ್ಸಾಕ್. ಸ್ಕೂಲಿನಲ್ಲಿ ಅವನಿಗೆ ಇದು ಕೊನೆಯ ವರ್ಷ. ನಿಂತು ಎಸೆದರೆ ಬಾಣ, ಎಡಕ್ಕೆ ಓಡಿದರೆ ಚೆಂಡು ನೆಲಕ್ಕೆ. ತಂಡದ ಮುಖ್ಯ ಕೋಚ್ ಬ್ರಾಸ್‌ವೆಲ್, ಊಟಕ್ಕೆ ಕೂತಾಗಲೂ ಕೊರಳಿನ ಸೀಟಿ ತೆಗೆಯದ ಮಹಾಶಯ, ನೇರವಾಗಿ ಹೇಳಿಬಿಟ್ಟಿದ್ದ: "ಶನಿವಾರದ ಅಭ್ಯಾಸ ಪಂದ್ಯದಲ್ಲಿ ಎಡಕ್ಕೆ ಓಡಿ ಎಸೀಲಿಲ್ಲ ಅಂದ್ರೆ ಅವ್ನ ಜಾಗ ಇನ್ನೊಬ್ಬನಿಗೆ." ಡೆಲ್ಮರ್ "ಆಗ್ಲಿ" ಎಂದ. ಆ ಆರು ತಿಂಗಳು ಅವನು ಎಲ್ಲದಕ್ಕೂ ಹೇಳುತ್ತಿದ್ದುದು ಅದೊಂದೇ ಮಾತು.

ಗುರುವಾರ ಸಂಜೆ ಡೆಲ್ಮರ್ ತಾನೇ ಗಾಡಿ ಓಡಿಸಿದ. ನೆಲ್ಡಾ ಗಿಡ್ಡಿ, ಸೀಟಿನ ಮೇಲೆ ದಿಂಬು ಹಾಕಿಕೊಂಡು ಕೂರುತ್ತಿದ್ದಳು. ಆ ದಿಂಬು ಅಲ್ಲೇ ಇತ್ತು. ಅವನು ಅದರ ಮೇಲೆಯೇ ಕೂತ, ತಲೆ ಗಾಡಿಯ ಚಾವಣಿಗೆ ತಗುಲುತ್ತಿದ್ದರೂ ತೆಗೆಯಬೇಕೆಂದು ತೋಚಲಿಲ್ಲ. ಸ್ಪೀಡಿನ ಮುಳ್ಳನ್ನು ಏಳರ ಮೇಲೆ ನಿಲ್ಲಿಸಿ ಬೇಲಿಯುದ್ದಕ್ಕೂ ಹೋದ, ತಿರುಗಿ ಬಂದ, ಮತ್ತೆ ಹೋದ. ನಲವತ್ತು ಎಸೆತದಲ್ಲಿ ಒಂದೂ ಬೀಳಲಿಲ್ಲ. ಟೇಟ್ ಹುಲ್ಲಿನ ಮೇಲೆ ಕುಕ್ಕರಿಸಿದ.

"ನನ್ ಕೈಲಾಗಲ್ಲ ಸರ್. ಬ್ರಾಸ್‌ವೆಲ್ ಸರ್‌ಗೆ ನೀವೇ ಹೇಳ್ಬಿಡಿ."

ಹೇಳಿಬಿಟ್ಟರಾಯಿತು ಎಂದುಕೊಂಡ ಡೆಲ್ಮರ್. ಹುಡುಗನ ಗಲ್ಲ ನಡುಗುತ್ತಿತ್ತು. ಅದನ್ನು ನೋಡಿಯೂ ಅವನಿಗೆ ಏನೂ ಆಗಲಿಲ್ಲ.

ಅಷ್ಟರಲ್ಲಾಗಲೇ ಕೋಳಿಕಾಳಿನ ಮೂಟೆ ಇಳಿಸಲು ಗ್ರೇಡಿ ಬಂದಿದ್ದ. ಪಶು ಆಹಾರದ ಅಂಗಡಿಯವನು, ಹತ್ತೊಂಬತ್ತು ವರ್ಷದ ಹಿಂದೆ ಡೆಲ್ಮರನ ಶಿಷ್ಯ. ಈಗ ಹೊಟ್ಟೆ ಬಂದು ಬಕಲ್ ಎತ್ತ ನೋಡುತ್ತದೆಂದು ಅವನಿಗೇ ಕಾಣದು. ಬೇಲಿಗೆ ಒರಗಿ ಕೊನೆಯ ಎರಡು ಎಸೆತ ನೋಡಿದ್ದವನು ಡೆಲ್ಮರನನ್ನು ಪಕ್ಕಕ್ಕೆ ಕರೆದ.

"ಎಷ್ಟು ಸ್ಪೀಡು, ಕೋಚ್?"

"ಏಳು. ಯಾವತ್ತೂ ಏಳೇ."

"ಅಯ್ಯೋ ದೇವ್ರೇ! ನೆಲ್ಡಾ ಅಮ್ಮ ಏಳ್ರಲ್ಲೇ ಹೋಗ್ತಿದ್ರು ಅಂತ ನಂಬ್ಕೊಂಡೇ ಇದೀರಾ ಇನ್ನೂ?"

"ಮತ್ತೆ?"

"ಕನ್ನಡೀಲಿ ಚೆಂಡು ನೋಡೋರು. ಮುಂದೆ ಹೋದ್ರೆ ಗಾಡಿ ಮುಂದೆ, ಹಿಂದೆ ಬಿದ್ರೆ ಬ್ರೇಕು. ಪೀಪಾಯೀನೇ ತಂದು ಚೆಂಡಿನ ಕೆಳಗೆ ಹಿಡಿಯೋರು. ಒಬ್ಬೊಬ್ಬ ಹುಡುಗನಿಗೂ ಒಂದೇ ಒಂದ್ಸಲ. ಅದು ಬಿದ್ಮೇಲೆ ದಯ ಇಲ್ಲ ದಾಕ್ಷಿಣ್ಯ ಇಲ್ಲ, ಏಳು ಅಂದ್ರೆ ಏಳು."

"ನಿಂಗ್ಯಾರೋ ಹೇಳಿದ್ದು?"

"ಅಮ್ಮಾನೇ. ನಾನು ಆಟ ಬಿಟ್ಟು ಹತ್ತು ವರ್ಷ ಆದ್ಮೇಲೆ, ಅಂಗಡೀಲಿ. 'ಡೆಲ್ಮರ್‌ಗೆ ಹೇಳ್ಬೇಡ ಕಣೋ, ಎಲ್ಲಾ ಸೊಂಟದಿಂದ್ಲೇ ಆಗ್ತಿದೆ ಅನ್ಕೊಂಡಿದಾನೆ, ಪಾಪ' ಅಂತ ನಕ್ಕಿದ್ದೇ ನಕ್ಕಿದ್ದು."

ಡೆಲ್ಮರ್ ಹೋಗಿ ಗಾಡಿ ಹತ್ತಿದ. ಗ್ರೇಡಿ ಮೈದಾನದ ನಡುವೆ ನಿಂತು "ಏಳೋ ಟೇಟ್, ಇನ್ನೊಂದು ಎಸಿ!" ಎಂದು ಹುಡುಗನನ್ನು ಎಬ್ಬಿಸಿದ.

ಬಾಗಿಲ ಬದಿಯ ಕನ್ನಡಿ ನೆಲ್ಡಾಳ ಎತ್ತರಕ್ಕೆ ತಿರುಗಿತ್ತು. ಅದರಲ್ಲಿ ನೋಡಲು ಡೆಲ್ಮರ್ ಕತ್ತು ಬಗ್ಗಿಸಿ ಅವಳಷ್ಟು ಗಿಡ್ಡನಾಗಬೇಕಾಯಿತು. ಹುಡುಗ ಕಂಡ, ಅವನ ಬಕಲ್ ಕಂಡಿತು. ಅವನ ಹಿಂದೆ ಗ್ರೇಡಿ ನಿಂತಿದ್ದ, ಇಪ್ಪತ್ತಾರು ಬೇಸಿಗೆ ಡೆಲ್ಮರ್ ತಾನು ನಿಲ್ಲುತ್ತಿದ್ದ ಜಾಗದಲ್ಲೇ, ಟೋಪಿಯಿಂದ ಬೂಟಿನವರೆಗೆ ಪೂರ್ತಿಯಾಗಿ ಕಾಣುತ್ತಿದ್ದ. ಅಂದರೆ ಅವಳು ಅಷ್ಟು ವರ್ಷವೂ ಅವನನ್ನು ನೋಡುತ್ತಲೇ ಇದ್ದಳು. ಅವನು ಒಂದು ದಿನವೂ ಗಾಡಿಯ ಕಡೆ ತಿರುಗಿರಲಿಲ್ಲ. ನೆಲ್ಡಾ ಇನ್ನಿಲ್ಲ ಎಂಬುದು ಆಗ ಅವನ ಎದೆಗೆ ಬಂದು ತಟ್ಟಿತು.

ಗಾಡಿ ಹೊರಟಿತು, ಹುಡುಗ ಓಡಿದ, ಚೆಂಡು ಗಾಳಿಗೆ ಏರಿತು. ಎರಡು ಮೊಳ ಹಿಂದೆ ಬೀಳುವಂತಿತ್ತು. ಡೆಲ್ಮರ್ ಬ್ರೇಕಿನ ಮೇಲೆ ಮೆಲ್ಲಗೆ ಕಾಲಿಟ್ಟ. ಪೀಪಾಯಿ ದಢಾರೆಂದಿತು.

ಟೇಟ್ ಕೂಗುತ್ತ ಕಿಟಕಿಯ ಹತ್ತಿರ ಓಡಿಬಂದ. "ಬಿತ್ತು ಸರ್! ಬಿತ್ತು!" ಎಂದವನು ಕೋಚ್‌ನ ಮುಖ ನೋಡಿ ದನಿ ಇಳಿಸಿದ. "ನೀವು ಸ್ಲೋ ಮಾಡ್ಲಿಲ್ಲ ತಾನೇ?"

ಡೆಲ್ಮರನ ಗದ್ದದಿಂದ ನೀರು ಸ್ಟೇರಿಂಗಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅವನು ಒರೆಸಿಕೊಳ್ಳಲಿಲ್ಲ.

"ಏಳು ಮೈಲಿ. ಒಂದಿಷ್ಟೂ ಹೆಚ್ಚಿಲ್ಲ, ಕಮ್ಮಿ ಇಲ್ಲ" ಎಂದ. "ಬಿತ್ತಲ್ಲಾ, ಇನ್ನೇನು ದಾಡಿ ನಿಂಗೆ? ಹೋಗು, ಇನ್ನೊಂದು ಎಸಿ."

ಎರಡನೆಯದು ಪೀಪಾಯಿಯ ಅಂಚಿಗೆ ಬಡಿದು ಆಚೆ ಹೋಯಿತು. ಮೂರನೆಯದು ಬರುವಾಗ ಡೆಲ್ಮರ್ ಬ್ರೇಕು ಮುಟ್ಟಲಿಲ್ಲ, ಕನ್ನಡಿಯಲ್ಲಿ ನೋಡುತ್ತ ಕತ್ತು ಬಗ್ಗಿಸಿಯೇ ಕೂತಿದ್ದ. ಅದು ತಾನಾಗಿಯೇ ಒಳಗೆ ಬಿತ್ತು.