ಅಮ್ಮ ಕಾದಿಟ್ಟ ಬಾಯಿ

‘ಈ ವಯಸ್ಸಿನಲ್ಲಾ?’ ಎಂದು ಕೇಳಿದವರನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ತಮಿಳುನಾಡಿನ ಬೋಡಿಯ ಒಂದು ಶಾಲೆಯಲ್ಲಿ ಜೀವಶಾಸ್ತ್ರದ ಟೀಚರಾಗಿದ್ದೆ. ನಲವತ್ತು ಹತ್ತಿರವಾಗಿತ್ತು. ಪಾಠ ಹೇಳಿಸಿಕೊಂಡ ಮಕ್ಕಳೆಲ್ಲ ನೀಟ್ ಬರೆದು ಡಾಕ್ಟರಾಗಲು ಹೋಗುತ್ತಿದ್ದರು, ನಾನು ವರ್ಷವರ್ಷವೂ ಅದೇ ಕಪ್ಪೆಯ ಹೊಟ್ಟೆಯನ್ನು ಬೋರ್ಡಿನ ಮೇಲೆ ಬಿಡಿಸುತ್ತ ನಿಂತಿದ್ದೆ. ಒಂದು ವರ್ಷ ಹಟ ಹಿಡಿದು ನಾನೂ ಬರೆದೆ. ಆಂಡಿಪಟ್ಟಿಯಿಂದಾಚೆಗಿನ ಒಂದು ಕಾಲೇಜಿನಲ್ಲಿ ದಂತವೈದ್ಯಕ್ಕೆ ಸೀಟು ಸಿಕ್ಕಿತು. ಅಲ್ಲಿ ನನಗಿಂತ ಮೇಲಿನ ವರ್ಷದಲ್ಲಿದ್ದವಳು ನನ್ನದೇ ಹಳೆಯ ವಿದ್ಯಾರ್ಥಿನಿ. ‘ಮಿಸ್, ಏಪ್ರನ್ ಹೀಗೆ ಹಾಕ್ಕೋಬೇಕು’ ಎಂದು ಅವಳು ತೋರಿಸಿಕೊಟ್ಟಳು.

ನೆಂಟರೆಲ್ಲ ನಕ್ಕರು. ಅಮ್ಮನೂ ನಕ್ಕಳು, ಆದರೆ ಸಂತೋಷಕ್ಕೆ. ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಅವಳ ಬಾಯಲ್ಲಿ ಆಗಲೇ ಒಂದು ಹಲ್ಲೂ ಉಳಿದಿರಲಿಲ್ಲ. ಎಲೆ ಅಡಿಕೆಯನ್ನು ಪುಟ್ಟ ಕಬ್ಬಿಣದ ಒರಳಲ್ಲಿ ಕುಟ್ಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. “ಹಲ್ಲಿದ್ದಾಗ ಕಡ್ಲೆ ಇಲ್ಲ, ಕಡ್ಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನನ್ಗೆ ಎರಡೂ ಬರ್ತದೆ, ನನ್ ಕಣ್ಣೇ, ನೀನು ಓದು,” ಅಂದಳು.

ತೇನಿಯಲ್ಲಿ ಯಾವ ಡಾಕ್ಟರ ಹತ್ತಿರ ಹೋಗಿದ್ದರೂ ಕೆಲವೇ ವಾರಗಳಲ್ಲಿ ಹಲ್ಲಿನ ಸೆಟ್ಟು ಕಟ್ಟಿಕೊಡುತ್ತಿದ್ದರು. ಎಷ್ಟು ಬೇಡಿಕೊಂಡರೂ ಅಮ್ಮ ಒಪ್ಪಲಿಲ್ಲ. ಕೊನೆಯ ವರ್ಷದವರು ಹಲ್ಲಿಲ್ಲದ ಒಬ್ಬರಿಗೆ ಮೇಲೂ ಕೆಳಗೂ ಪೂರ್ತಿ ಹಲ್ಲು ಕಟ್ಟಿ ತೋರಿಸಬೇಕು, ಆ ರೋಗಿಯನ್ನು ತಾವೇ ಹುಡುಕಿ ತರಬೇಕು ಎಂದು ಯಾವಾಗಲೋ ನಾನೇ ಅವಳಿಗೆ ಹೇಳಿದ್ದೆ. ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ನಿಂತು ಮುದುಕರ ಬಾಯಿ ನೋಡುತ್ತಾರೆ ಅಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. “ಅಯ್ಯೋ ಸಾಮಿ, ಬೊಚ್ಚು ಬಾಯ್ಗೆ ಇಷ್ಟು ಮರ್ಯಾದೆಯಾ! ಹಂಗಿದ್ರೆ ಈ ಬಾಯಿ ನಿನ್ಗೆ ಇರ್ಲಿ. ಬೇರೆ ಯಾವನ್ಗೂ ತೆರೆಯಾದಿಲ್ಲ,” ಅಂದವಳು ಅಂದ ಹಾಗೇ ನಡೆದುಕೊಂಡಳು. ಬಿತ್ತನೆಗೆ ಕಾಳು ಎತ್ತಿಡುವ ಮನೆತನದ ಹೆಂಗಸು. ಬಾಯಿಯನ್ನೂ ಹಾಗೇ ಎತ್ತಿಟ್ಟಳು. ಅಷ್ಟು ವರ್ಷ ಅನ್ನವನ್ನು ಹಿಸುಕಿ ಹಿಸುಕಿ ನುಂಗಿದಳು. ಬರಬರುತ್ತ ಇಳಿದುಹೋದಳು.

ಕೊನೆಗೂ ಆ ವರ್ಷ ಬಂತು. ಬೋಡಿಯಿಂದ ಬಸ್ಸು ಹತ್ತಿ, ತೇನಿಯಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಅಮ್ಮ ಕಾಲೇಜಿಗೆ ಬರತೊಡಗಿದಳು. ಒಂದು ದಿನ ಒಸಡಿನ ಅಚ್ಚು ತೆಗೆದೆ, ಇನ್ನೊಂದು ದಿನ ದವಡೆಯ ಅಳತೆ. ಅವಳ ಒಸಡಿನ ಪ್ರತಿ ಏರು ತಗ್ಗು ನನ್ನ ಬೆರಳಿಗೆ ಗೊತ್ತಾಯಿತು. ಹೆತ್ತವಳ ಬಾಯಿಯ ಒಳಗನ್ನು ಅಷ್ಟು ಹತ್ತಿರದಿಂದ ಯಾವ ಮಗಳು ನೋಡುತ್ತಾಳೆ? ಮೇಣದಲ್ಲಿ ಹಲ್ಲು ಜೋಡಿಸಿ ಬಾಯಿಗಿಟ್ಟು ನೋಡುವ ದಿನ ಕನ್ನಡಿ ಕೊಟ್ಟೆ. ಅಮ್ಮ ಬಹಳ ಹೊತ್ತು ನೋಡಿದಳು. ಆಮೇಲೆ ಸೊಂಟದ ಸಂಚಿ ಬಿಚ್ಚಿ ಒಂದು ಹಿಡಿ ಹುರಿಗಡಲೆ ತೆಗೆದಳು.

“ಕಡಿಕ್ಕಾದೀಂಗ ಪಾಟ್ಟಿ!” ಕಡಿಯಬೇಡಿ ಅಜ್ಜಿ ಎಂದು ತಮಿಳಿನಲ್ಲಿ ಕೂಗುತ್ತ ಪ್ರೊಫೆಸರು ಓಡಿ ಬಂದರು.

“ಅಮ್ಮ, ಇದು ಮೇಣ. ಕಡಿದ್ರೆ ಎಲ್ಲಾ ಹೋಯ್ತು. ಮುಂದಿನ್ವಾರ ಗಟ್ಟಿ ಹಲ್ಲು ಕೊಡ್ತೀನಿ,” ಅಂದೆ.

“ಸೆರಿ ಡಾಕ್ಟ್ರಮ್ಮ. ಇಷ್ಟು ದಿನ ಇದ್ದೋಳ್ಗೆ ಒಂದ್ವಾರ ಏನು,” ಎಂದು ಕಡಲೆಯನ್ನು ಮತ್ತೆ ಸಂಚಿಗೆ ಹಾಕಿಕೊಂಡಳು.

ಹಲ್ಲು ಸಿದ್ಧವಾಯಿತು. ಉಜ್ಜಿ ಹೊಳಪು ಕೊಟ್ಟು, ನನ್ನ ಹಾಸ್ಟೆಲ್ ಕೋಣೆಗೆ ತಂದು ನೀರಿನ ಡಬ್ಬಿಯಲ್ಲಿಟ್ಟೆ. ಸೋಮವಾರ ಕೊಡುವುದೆಂದಿತ್ತು. ಭಾನುವಾರ ಬೆಳಿಗ್ಗೆ ಪಕ್ಕದ ಮನೆಯವರು ಹಾಸ್ಟೆಲಿಗೆ ಫೋನ್ ಮಾಡಿದರು. ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದವಳು ಹಾಗೇ ಒರಗಿದಳಂತೆ, ಎದೆಬಡಿತವೇ ನಿಂತುಹೋಯಿತಂತೆ. ಡಬ್ಬಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ದಾರಿಯುದ್ದಕ್ಕೂ ಅತ್ತೆ, ಯಾರು ನೋಡಿದರೂ ಲೆಕ್ಕಿಸದೆ.

ಗದ್ದಕ್ಕೆ ಬಟ್ಟೆ ಕಟ್ಟಿ ಮಲಗಿಸಿದ್ದರು. ಹಲ್ಲಿಲ್ಲದ ಬಾಯಿ ಒಳಕ್ಕೆ ಹೋಗಿ ಮುಖ ಅರ್ಧವಾಗಿತ್ತು. ಹಲ್ಲು ಇಡುತ್ತೇನೆ, ಒಂದೇ ನಿಮಿಷ ಎಂದು ಡಬ್ಬಿ ತೆರೆದೆ. ಸೋದರತ್ತೆ ನನ್ನ ಕೈ ಹಿಡಿದಳು. “ಬೇಡವ್ವ. ಮೂಗುತ್ತಿನೇ ಬಿಚ್ಚಿ ಆಯ್ತು, ಇನ್ನು ಹಲ್ಲು ಯಾಕೆ? ಹಲ್ಲಿಲ್ದೆ ಬಂದ್ಲು, ಹಲ್ಲಿಲ್ದೆ ಹೋಗ್ಲಿ,” ಅಂದಳು. ನನಗೆ ಅವಳ ಮೇಲೆ ಎಂಥ ಸಿಟ್ಟು ಬಂತೆಂದರೆ, ಇವತ್ತಿಗೂ ಪೂರ್ತಿ ಇಳಿದಿಲ್ಲ. ಆದರೆ ಆ ಹೊತ್ತಿನಲ್ಲಿ ಜಗಳ ಮಾಡುವ ಶಕ್ತಿ ಇರಲಿಲ್ಲ.

ಎತ್ತುವ ಮುಂಚೆ ಬಾಯಿಗೆ ಅಕ್ಕಿ ಹಾಕುವುದು ನಮ್ಮಲ್ಲಿ ವಾಡಿಕೆ. ಗದ್ದದ ಬಟ್ಟೆ ಸಡಿಲಿಸಿದರು. ಎಲ್ಲರೂ ತುಟಿಯ ಮೇಲೆ ನಾಲ್ಕು ಕಾಳು ಉದುರಿಸಿ ಸರಿದರು. ನನ್ನ ಸರದಿ ಬಂದಾಗ ನಾನು ಬಗ್ಗಿ, ಎಡಗೈ ಬೆರಳಿಂದ ಕೆನ್ನೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಕಾಲೇಜಿನಲ್ಲಿ ಹೇಳಿ ಹೇಳಿ ರೂಢಿಯಾದ ಹಾಗೆ, “ಬಾಯಿ ತೆರಿಯಮ್ಮ,” ಅಂದುಬಿಟ್ಟೆ. ಸೋದರತ್ತೆ ನನ್ನನ್ನು ಹಿಂದಕ್ಕೆ ಎಳೆದುಕೊಂಡಳು.

ಸಂಚಿಯನ್ನು ಅಮ್ಮನ ಸೊಂಟದಿಂದ ಯಾರೂ ಬಿಚ್ಚಲಿಲ್ಲ. ಕಡಲೆ ಅವಳ ಜೊತೆಗೇ ಹೋಯಿತು, ಹಲ್ಲು ನನ್ನ ಹತ್ತಿರ ಉಳಿಯಿತು. ರೋಗಿಗೆ ಕೊಡದ ಕೇಸು ಲೆಕ್ಕಕ್ಕಿಲ್ಲವೆಂದು ಕಾಲೇಜಿನವರು ಹೇಳಿದರು. ಬೇರೊಬ್ಬ ಅಜ್ಜಿಗೆ ಹಲ್ಲು ಕಟ್ಟಿ ಪಾಸಾದೆ.

ಈಗ ಬೋಡಿಯಲ್ಲೇ ಸಣ್ಣ ಕ್ಲಿನಿಕ್ಕು ಇಟ್ಟಿದ್ದೇನೆ. ಹಲ್ಲು ಕಟ್ಟಿಸಿಕೊಂಡವರಿಗೆಲ್ಲ ತಪ್ಪದೆ ಒಂದು ಮಾತು ಹೇಳುತ್ತೇನೆ: ತೆಗೆದಿಟ್ಟಾಗ ನೀರಲ್ಲೇ ಇಡಿ, ಒಣಗಿದರೆ ಆಕಾರ ಕೆಟ್ಟು ಬಾಯಿಗೆ ಕೂರುವುದಿಲ್ಲ. ಒಳಗಿನ ಕಪಾಟಿನಲ್ಲಿ ಅಮ್ಮನ ಡಬ್ಬಿ ಇದೆ. ಬೆಳಿಗ್ಗೆ ಬಂದ ಕೂಡಲೇ ಅದರ ನೀರು ಬದಲಿಸುತ್ತೇನೆ.