ಹುರುಳಿ ಹರಡಿದ ಟಾರು ರಸ್ತೆ

ಹರಿಪ್ರಿಯಾ ಕೂತಲ್ಲಿ ಕೂರುವವಳಲ್ಲ. ಮಂಡ್ಯದ ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವಾಗಲೂ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಾಳೆ. ಹಿಂದಿನ ಬೆಂಚಿನವರಿಗೂ ನಿದ್ದೆ ಬರುವುದಿಲ್ಲ. ಅವಳ ಜೊತೆಗೇ ಕೆಲಸಕ್ಕೆ ಸೇರಿದ ನನಗಂತೂ ಅವಳ ಸ್ಕೂಟರಿನ ಹಿಂದಿನ ಸೀಟೇ ಗತಿ.

ಅವಳ ತಲೆ ಹೊಕ್ಕ ಹುಳ ರಸ್ತೆ. ಬಿಸಿಲು ಬಿದ್ದಷ್ಟೂ ಟಾರಿನ ಮೇಲ್ಪದರ ಗಡುಸಾಗಿ, ಬೂದಿ ಬಣ್ಣಕ್ಕೆ ತಿರುಗಿ, ಕೊನೆಗೆ ಸೀಳುತ್ತದೆ. ಹಳೇ ಟೈರಿನ ಪುಡಿ ಬೆರೆಸಿದರೆ ಈ ಮುಪ್ಪು ಬರುವುದಿಲ್ಲ ಎಂದು ಅವಳ ನಂಬಿಕೆ. ಮಳವಳ್ಳಿಯಿಂದ ಬೆಳಕವಾಡಿಗೆ ಹೋಗುವ ದಾರಿಯಲ್ಲಿ ಒಂದು ತುಂಡು ರಸ್ತೆಗೆ ಅಂಥ ಟಾರು ಹಾಕಿಸಿದ್ದಳು. ಪ್ರತಿ ವರ್ಷ ಆಷಾಢದಲ್ಲಿ, ಕಾಲೇಜಿಗೆ ರಜೆ ಸಿಕ್ಕಾಗ, ಮೇಲ್ಪದರ ಕೆತ್ತಿ ತಂದು ಪರೀಕ್ಷಿಸುತ್ತಿದ್ದಳು. "ರಸ್ತೆ ಕೆತ್ತೋದಕ್ಕೇನೇ ಇಷ್ಟು ಓದಿದ್ದು?" ಎಂದು ಅವಳಮ್ಮ ಪಂಕಜಮ್ಮ ಗೊಣಗುತ್ತಿದ್ದರು. ಮೂರು ವರ್ಷವೂ ಟಾರು ಮೆತ್ತಗೇ ಇತ್ತು.

ಅವಳು ಬರೆದುಕೊಟ್ಟ ವರದಿ ನೋಡಿ ಈ ಮಾಘದಲ್ಲಿ ಲೋಕೋಪಯೋಗಿ ಇಲಾಖೆಯವರು ಕರೆದರು. ಸೋಮವಾರ ಇವಳು "ಬಿಸಿಲು ತಡೆಯುತ್ತದೆ" ಎಂದರೆ ಸಾಕು, ಶಿವನಸಮುದ್ರದವರೆಗೂ ಅದೇ ಟಾರು, ಮೇಲೆ ಬೇರೆ ಹೊದಿಕೆ ಪದರವೇನೂ ಇಲ್ಲದೆ. ಇಷ್ಟು ವರ್ಷ ಅವಳು ಕಾದಿದ್ದು ಆ ಒಂದು ಮಾತು ಹೇಳುವುದಕ್ಕೆ.

ಭಾನುವಾರ ಅವಳಿಗೆ ತಡೆಯಲಿಲ್ಲ. "ಒಂದ್ಸಲ ನೋಡ್ಕೊಂಡು ಬಂದ್ಬಿಡೋಣ ಬಾರೇ" ಎಂದು ನನ್ನನ್ನು ಊಟದಿಂದ ಎಬ್ಬಿಸಿಯೇ ಬಿಟ್ಟಳು.

ಹೋಗಿ ನೋಡಿದರೆ ರಸ್ತೆಯೇ ಕಾಣಲಿಲ್ಲ. ಅವಳು ಕೆತ್ತುತ್ತಿದ್ದ ಜಾಗದಲ್ಲಿ ಕಿತ್ತು ತಂದ ಹುರುಳಿ ಗಿಡ ಪಾದ ಮುಳುಗುವಷ್ಟು ಹರಡಿತ್ತು. ಬಸ್ಸೊಂದು ಅದರ ಮೇಲೆ ಹಾದು, ಕಾಯಿ ಒಡೆದು ಒಕ್ಕಣೆ ಮಾಡಿಕೊಟ್ಟು ಹೋಯಿತು. ಪಕ್ಕದ ಹೊಲದ ಇಂದ್ರಮ್ಮ ಮೊರ ಹಿಡಿದು ನಿಂತಿದ್ದಳು.

ಹರಿಪ್ರಿಯಾ ಸ್ಟ್ಯಾಂಡ್ ಕೂಡ ಹಾಕದೆ ಇಳಿದಳು. ಸ್ಕೂಟರು ನನ್ನ ಮೇಲೆ ವಾಲಿತು. "ಇಲ್ಯಾಕಮ್ಮಾ ಹಾಕಿದೀರಿ?"

"ಇನ್ನೆಲ್ಲಿ ಆಕಾನವ್ವ? ಇಲ್ಲೇ ರೋಡು ಅಗ್ಲ, ನುಣ್ಣಗದೆ. ಬಸ್ಸೋರೂ ಬೈಯಕಿಲ್ಲ."

ಲಾರಿಗಳ ಕಾಟವಿಲ್ಲದೆ ಕೂತು ಕೆತ್ತಬಹುದೆಂದು ಹರಿಪ್ರಿಯಾ ಈ ಜಾಗ ಆರಿಸಿದ್ದೂ ಆ ಅಗಲಕ್ಕೇ.

"ಯಾವಾಗಿಂದ ಹಾಕ್ತಿದೀರಿ?"

"ರೋಡು ಮಾಡ್ದಾಗ್ಲಿಂದ್ಲೂವೆ ಕಣಮ್ಮ. ರಾಗಿ ಆಯ್ತು, ಉರುಳಿ ಆಯ್ತು, ಬ್ಯಾಸ್ಗೇಲಿ ಟಾರ್ಪಾಲ್ ಆಸಿ ಉಣಸೆಣ್ಣು. ಮಳೆ ಇಡ್ಕಂಡಾಗ ಎಲ್ಲಾ ಎತ್ಬುಡ್ತೀನಿ."

ಆಷಾಢದಲ್ಲಿ ನಾವು ಬಂದಾಗಲೆಲ್ಲ ರಸ್ತೆ ಗುಡಿಸಿಟ್ಟಂತೆ ಇರುತ್ತಿತ್ತು. ಹರಿಪ್ರಿಯಾಳ ಮುಖ ಸಣ್ಣಗಾಯಿತು. ಹುರುಳಿಯನ್ನು ಎರಡೂ ಕೈಯಲ್ಲಿ ಸರಿಸಿದಳು: ಕೆಳಗೆ ಟಾರು ಕಪ್ಪಗೆ ಮಿರುಗುತ್ತಿತ್ತು. ಎದ್ದು ಆಚೆಗೆ, ಬರೀ ಬಿಸಿಲು ಬೀಳುವ ಕಡೆಗೆ ಓಡಿದಳು. ಅಲ್ಲಿ ಬೂದಿ ಬಣ್ಣ, ಕೂದಲೆಳೆಯ ಬಿರುಕು. ಸ್ಕೂಟರಿನ ಕೀಲಿಯಿಂದ ಕೆರೆದರೆ ಪುಡಿ ಉದುರಿತು. ಅದೇ ಟಾರು, ಅದೇ ಬಸ್ಸು. ಇವಳು ಮೂರು ವರ್ಷ ಪರೀಕ್ಷೆ ಮಾಡಿದ್ದು ಇಂದ್ರಮ್ಮನ ಹುರುಳಿ, ಟಾರ್ಪಾಲಿನ ನೆರಳನ್ನು.

"ನಾನೇನಾರ ಕೆಡಿಸ್ಬುಟ್ನಾ?" ಇಂದ್ರಮ್ಮ ಹೆದರಿ ಕೇಳಿದಳು. ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು, ಅನ್ಯಾಯದ ಸಿಟ್ಟು. ಹರಿಪ್ರಿಯಾ ಮಾತ್ರ "ಇಲ್ಲಮ್ಮ, ನಾನೇ ಬೇಸಿಗೇಲಿ ಬಂದು ನೋಡಬೇಕಿತ್ತು" ಎಂದಳು. ಕಪ್ಪು ಚೂರೊಂದು, ಬೂದಿ ಚೂರೊಂದು ಕೆತ್ತಿ ದುಪಟ್ಟಾದ ಎರಡು ತುದಿಗೆ ಕಟ್ಟಿಕೊಂಡಳು.

ಸೋಮವಾರ ಅವೆರಡನ್ನೂ ಇಲಾಖೆಯ ಸಾಹೇಬರ ಮೇಜಿನ ಮೇಲಿಟ್ಟಳು. "ರಬ್ಬರಿದ್ದರೂ ಬಿಸಿಲಿಗೆ ಮುಪ್ಪು ಬರುತ್ತೆ ಸಾರ್, ಮೇಲೊಂದು ಹೊದಿಕೆ ಬೇಕು. ನಾನು ಬರೆದುಕೊಟ್ಟಿದ್ದು ತಪ್ಪು." ಸಾಹೇಬರು ರಸ್ತೆ ಕೆಲಸವನ್ನೇ ಮುಂದೂಡಿದರು.

ಮುಂದಿನ ಭಾನುವಾರ ಮತ್ತೆ ಅಲ್ಲಿಗೇ. ಸುಡುವ ಟಾರಿನ ಮೇಲೆ ಕುಕ್ಕರಗಾಲಲ್ಲಿ ಕೂತು ಮೊದಲಿನಿಂದ ಕೆತ್ತತೊಡಗಿದಳು. ಸೋಮವಾರ ನಡೆದದ್ದನ್ನು ನನ್ನಿಂದ ಕೇಳಿ ತಿಳಿದ ಇಂದ್ರಮ್ಮ ಕೊಡೆ ತಂದು ಹಿಡಿದಳು.

"ಅಯ್ಯೋ ಬೇಡಮ್ಮಾ, ನೆರಳು ಬೀಳುತ್ತೆ!"

"ಟಾರಿಗೆ ಒದ್ಕೆ ಬೇಕು ಅಂತ ಸಾಯೇಬ್ರಿಗೇ ಏಳಿದ್ಯಂತೆ. ನಿನ್ ತಲೆಗೆ ಬ್ಯಾಡ್ವಾ? ಮಕ ನೋಡ್ಕ, ಎಂಗ್ ಸುಟ್ಟೋಗದೆ."

ಕೊಡೆ ಸರಿಯಲಿಲ್ಲ. ಹರಿಪ್ರಿಯಾ ಉಳಿ ಕೆಳಗಿಟ್ಟು, ಆ ನೆರಳಲ್ಲಿ ಅಲ್ಲಾಡದೆ ಕೂತು ಅತ್ತಳು.