ಟೀವಿ ಜೋರಾದಾಗಲೆಲ್ಲ

ಇವತ್ತು ಮಗಳು ದೈತ್ಯ ಪ್ರಾಣಿಗಳ ಸೀರಿಯಲ್ ನೋಡುತ್ತಾ ಗೊಣಗಿದಳು: "ಮಮ್ಮಿ, ಬರೀ ಮನಿ ಮಂದಿ ಜಗಳಾನೇ ತೋರಸ್ತಾರ. ರಾಕ್ಷಸ ಬರೋದು ಯಾವಾಗ?" ಕೊನೆಗೂ ಆ ಪ್ರಾಣಿ ಬಂದು ಗರ್ಜಿಸಿತು. ನನ್ನ ಬೆನ್ನು ತಾನಾಗಿ ಗೋಡೆಗೆ ಒತ್ತಿಕೊಂಡಿತು.

ನಾನು ಚಿಕ್ಕವಳಿದ್ದಾಗ ಕೌಲ್ ಬಜಾರಿನ ನಮ್ಮ ಒಂದೇ ಕೋಣೆಯ ಮನೆಯಲ್ಲೂ ಸಂಜೆ ಅಂಥದೇ ಸೀರಿಯಲ್ ಬರುತ್ತಿತ್ತು. ಅದೇ ಹೊತ್ತಿಗೆ ಗ್ರೀಸ್ ವಾಸನೆಯ ಅಪ್ಪ ಗ್ಯಾರೇಜಿನಿಂದ ಬಂದು ಬೆಲ್ಟ್ ಬಿಚ್ಚಿದರೆ, ಅವ್ವ ನನ್ನ ಕಡೆ ನೋಡಿ ಹೇಳುತ್ತಿದ್ದಳು: "ಟೀವಿ ಜೋರ್ ಮಾಡವ್ವ, ಓಣಿ ಮಂದಿಗೆ ಕೇಳಿಸಬಾರ್ದು." ನಾನು ಗುಂಡಿ ತಿರುಗಿಸುತ್ತಿದ್ದೆ. ಅಲ್ಲಿ ರಾಕ್ಷಸ ಪ್ರಾಣಿ ಊರು ತುಳಿಯುತ್ತಿತ್ತು, ಇಲ್ಲಿ ಅವ್ವನ ತುಟಿ ಒಡೆಯುತ್ತಿತ್ತು.

ಒಂದು ಸಂಜೆ ಅಪ್ಪ ಸುಮ್ಮನೆ ರೊಟ್ಟಿ ತಿನ್ನುತ್ತಿದ್ದ. ಟೀವಿಯಲ್ಲಿ ಎರಡು ರಾಕ್ಷಸ ಪ್ರಾಣಿಗಳು ಕಾದಾಡುತ್ತಿದ್ದವು. ಖುಷಿಯಲ್ಲಿ ನಾನೇ ಸೌಂಡ್ ಪೂರ್ತಿ ಏರಿಸಿದೆ. ಬಾಗಿಲು ದಡಾರನೆ ತೆರೆಯಿತು. ಪಕ್ಕದ ಮನೆಯ ಮುಮ್ತಾಜ್ ಚಾಚಿ ಲಟ್ಟಣಿಗೆ ಹಿಡಿದು ನುಗ್ಗಿದವಳೇ ಅಪ್ಪನ ಮೊಣಕೈಗೆ ಬಾರಿಸಿದಳು. ರೊಟ್ಟಿ ಹಾರಿಬಿತ್ತು.

"ನಾ ಏನ್ ಮಾಡೀನಿ? ಉಣ್ಣಾಕತ್ತೀನಿ!" ಅಪ್ಪ ಕಿರುಚಿದ.

ಚಾಚಿ ತಟ್ಟೆ ನೋಡಿದಳು, ಅವ್ವನ ಮುಖ ನೋಡಿದಳು. ಲಟ್ಟಣಿಗೆ ಮಾತ್ರ ಇಳಿಸಲಿಲ್ಲ. "ನಿಮ್ಮನ್ಯಾಗ ಟೀವಿ ಒದರಿದ್ರ, ಅಕೀನ ಹೊಡ್ಯಾಕತ್ಯಾನ ಅಂತ ಇಡೀ ಓಣಿಗೆ ಗೊತ್ತಾಗತೈತಿ. ಇವತ್ತಿನ ಏಟು ಹಳೇ ಹೊಡತಕ್ಕ ಅಂತ ತಿಳ್ಕೋ."

ಅಪ್ಪ ಅಂದೇ ಬದಲಾದ ಎನ್ನಲಾರೆ. ಆದರೆ ಅಲ್ಲಿಂದ ಮುಂದೆ ಅವನು ಬೆಲ್ಟಿಗೆ ಕೈ ಹಾಕಿದರೆ ಅವ್ವ ನನಗೆ ಹೇಳುತ್ತಿರಲಿಲ್ಲ. ತಾನೇ ಎದ್ದು ಗುಂಡಿಯನ್ನು ಪೂರ್ತಿ ತಿರುಗಿಸುತ್ತಿದ್ದಳು.

ಮಗಳು ಈಗ ಸೌಂಡ್ ಇನ್ನಷ್ಟು ಏರಿಸಿದಳು. ನಾನು ಬಾಗಿಲನ್ನೇ ನೋಡುತ್ತಾ ಕೂತೆ. ಕಂಟೋನ್ಮೆಂಟಿನ ಈ ಮನೆಗೆ ಯಾರೂ ಓಡಿಬರಲಿಲ್ಲ.